ಜ್ವಾಲಾಮುಖಿಯ ಮಗ್ಗುಲಲ್ಲಿ ಮನೆ: ವಿಮೆಯ ಹೊರೆ ಯಾರ ಹೆಗಲಿಗೆ?

ಮನೆಗೆ ವಿಮೆ ಮಾಡಿಸಿರುವ ಬೆಂಗಳೂರಿಗರು ಒಮ್ಮೆ ಬೀರುವಿನಿಂದ ಆ ಕಾಗದವನ್ನು ಹೊರತೆಗೆದು ನೋಡಬೇಕು. ಅದು ‘ಭಾರತ್ ಗೃಹ ರಕ್ಷಾ’ ಪಾಲಿಸಿಯಾಗಿದ್ದರೆ, ಯಾವ ಯಾವ ಅಪಾಯಕ್ಕೆ ಪರಿಹಾರ ಸಿಗುತ್ತದೆ ಎಂಬ ಪಟ್ಟಿಯಲ್ಲಿ ಬೆಂಕಿ, ಸಿಡಿಲು, ಭೂಕಂಪಗಳ ಜೊತೆಗೆ ‘ಜ್ವಾಲಾಮುಖಿ ಸ್ಫೋಟ’ ಎಂಬ ಮಾತೂ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಷರತ್ತುಗಳಲ್ಲಿ ಮಾರಬೇಕೆಂದು ವಿಧಿಸಿದ ಪಾಲಿಸಿ ಇದು. ಹಾಗಾಗಿ ಜಯನಗರದ ಮನೆಗೂ ಯಲಹಂಕದ ಫ್ಲ್ಯಾಟಿಗೂ ಜ್ವಾಲಾಮುಖಿಯ ರಕ್ಷಣೆ ಸಿಕ್ಕಿದೆ. ಅದಕ್ಕೆಂದು ಬೇರೆ ಕಂತು ಕಟ್ಟಬೇಕಿಲ್ಲ.

ಆ ರಕ್ಷಣೆ ನಮಗೆ ಇಷ್ಟು ಸಲೀಸಾಗಿ ಸಿಗಲು ಕಾರಣ ನಮ್ಮ ಕಾಲಡಿಯ ಕಲ್ಲಿನಲ್ಲಿದೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವರು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯ ಮೇಲೆ ನಿಂತಿರುತ್ತಾರೆ. ಕರ್ನಾಟಕದಲ್ಲಿ ಲಾವಾ ಹರಿದೇ ಇಲ್ಲವೆಂದಲ್ಲ. ಬೀದರ, ಕಲಬುರಗಿ, ವಿಜಯಪುರದ ಕಡೆಯ ಕಪ್ಪು ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಡಿಕೊಂಡ ಲಾವಾದಿಂದಲೇ ಹುಟ್ಟಿದ್ದು. ಆದರೆ ಇಂದು ಭಾರತದಲ್ಲಿ ಜೀವಂತವಾಗಿರುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪದ್ದು. ಅಲ್ಲಿ ಜನವಸತಿಯಿಲ್ಲ, ವಿಮೆ ಕೇಳಲು ಒಂದು ಮನೆಯೂ ಇಲ್ಲ. 2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದು ಅದರ ಬೂದಿ ದೆಹಲಿಯ ಆಕಾಶದವರೆಗೆ ಬಂದಾಗ ವಿಮಾನಗಳು ರದ್ದಾದವು. ಯಾರ ಮನೆಯ ಹೆಂಚೂ ಅಲುಗಲಿಲ್ಲ.

‘ಜ್ವಾಲಾಮುಖಿ’ ಎಂಬ ಅದೇ ಪದಕ್ಕೆ ಪೆಸಿಫಿಕ್ ಸಾಗರದ ನಡುವಿನ, ಅದೇ ಹೆಸರಿನ ಅಮೆರಿಕದ ರಾಜ್ಯಕ್ಕೆ ಸೇರಿದ ಹವಾಯಿ ದ್ವೀಪದಲ್ಲಿ ಬೇರೆಯೇ ಬೆಲೆಯಿದೆ. ಆ ದ್ವೀಪದ ಆಗ್ನೇಯ ಮೂಲೆಯ ಪುನಾ ಜಿಲ್ಲೆಯಲ್ಲಿ ಮನೆ ಇದ್ದವರು ಲಾವಾಕ್ಕೆ ರಕ್ಷಣೆ ಕೇಳಿಕೊಂಡು ಹೋದರೆ ಹೆಚ್ಚಿನ ಖಾಸಗಿ ಕಂಪನಿಗಳು ಬಾಗಿಲು ಮುಚ್ಚುತ್ತವೆ, ಇಲ್ಲವೇ ಲಾವಾವನ್ನು ಹೊರಗಿಟ್ಟ ಪಾಲಿಸಿಯನ್ನು ಕೊಡುತ್ತವೆ. ಅಪಾಯವೇ ಇಲ್ಲದ ಕಡೆ ಕೇಳದೆಯೇ ಸಿಗುವ ರಕ್ಷಣೆ, ಅಪಾಯ ಬಾಗಿಲಲ್ಲಿ ನಿಂತಿರುವ ಕಡೆ ಬೇಡಿದರೂ ಸಿಗುವುದಿಲ್ಲ. ಇದನ್ನು ಕಂಪನಿಗಳ ದುರಾಸೆ ಎಂದು ಬೈದು ಸುಮ್ಮನಾಗಬಹುದು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ವಿಷಯ ಅಷ್ಟು ಸರಳವಾಗಿಲ್ಲ. ಕೆರೆಯ ಅಂಗಳದಲ್ಲಿ ಬಡಾವಣೆ ಕಟ್ಟಿಕೊಂಡಿರುವ ನಮ್ಮ ಊರು ಅದನ್ನು ಸರಿಯಾಗಿ ಅರಿತುಕೊಳ್ಳಬೇಕಾಗಿದೆ.

ನಕ್ಷೆಯ ಮೇಲಿನ ಒಂಬತ್ತು ವಲಯಗಳು

ಹವಾಯಿ ದ್ವೀಪ ಐದು ಜ್ವಾಲಾಮುಖಿಗಳು ಒಂದಕ್ಕೊಂದು ಆತುಕೊಂಡು ಆದ ನೆಲ. ಅವುಗಳಲ್ಲಿ ಕಿಲಾವಿಯಾ ಮತ್ತು ಮೌನಾ ಲೋವಾ ತೀರ ಚುರುಕಾದವು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1970ರ ದಶಕದಲ್ಲಿ ಈ ದ್ವೀಪವನ್ನು ಲಾವಾ ಅಪಾಯದ ಪ್ರಕಾರ ಒಂಬತ್ತು ವಲಯಗಳಾಗಿ ವಿಂಗಡಿಸಿತು, ಮುಂದೆ ಆ ನಕ್ಷೆಯನ್ನು ಪರಿಷ್ಕರಿಸಿತು. ಒಂದನೆಯ ವಲಯವೆಂದರೆ ಜ್ವಾಲಾಮುಖಿಗಳ ನೆತ್ತಿ ಮತ್ತು ನೆಲ ಸೀಳಿ ಲಾವಾ ಹೊರಬರುವ ಬಿರುಕುಪಟ್ಟಿ. ಎರಡನೆಯದು ಆ ಬಿರುಕಿನ ಪಕ್ಕದ, ಇಳಿಜಾರಿನ ನೆಲ. ಒಂಬತ್ತನೆಯದು ಕೊಹಾಲಾ ಎಂಬ ಹಳೆಯ ಜ್ವಾಲಾಮುಖಿ. ಅದು ಸುಮ್ಮನಾಗಿ ಕಡಿಮೆಯೆಂದರೂ 60 ಸಾವಿರ ವರ್ಷಗಳಾಗಿವೆ.

ಈ ನಕ್ಷೆ ಕಚೇರಿಯ ಕಪಾಟಿನಲ್ಲಿ ದೂಳು ತಿನ್ನುತ್ತಾ ಬಿದ್ದಿಲ್ಲ. ಅಲ್ಲಿ ಮನೆ ಮಾರಾಟದ ಜಾಹೀರಾತಿನಲ್ಲಿ ಎಷ್ಟು ಕೋಣೆ, ಎಷ್ಟು ಚದರಡಿ ಎಂಬುದರ ಜೊತೆಗೆ ಲಾವಾ ವಲಯದ ಸಂಖ್ಯೆಯನ್ನೂ ನಮೂದಿಸುತ್ತಾರೆ. ಒಂದು ಮತ್ತು ಎರಡನೆಯ ವಲಯದ ಮನೆಗಳ ಸಾಲಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ಗೃಹಸಾಲ ಖಾತರಿ ಸಿಗುವುದಿಲ್ಲ. ಸಾಲ ಕೊಡುವ ಬ್ಯಾಂಕು ವಿಮೆ ಕೇಳುತ್ತದೆ, ವಿಮೆ ಸಿಗದಿದ್ದರೆ ಸಾಲವೂ ಇಲ್ಲ. ಸಾಲ ಸಿಗದ ಜಾಗದ ಬೆಲೆ ಬೀಳುತ್ತದೆ. ಬೆಲೆ ಬಿದ್ದ ಜಾಗಕ್ಕೆ ಬೇರೆಲ್ಲೂ ಮನೆ ಕೊಳ್ಳಲಾಗದವರು, ನಿವೃತ್ತಿಯ ಹಣವನ್ನಷ್ಟೇ ನಂಬಿಕೊಂಡವರು ಬಂದು, ಕೈಯಲ್ಲಿದ್ದ ಕಾಸಿನಲ್ಲೇ ಕಟ್ಟಿಕೊಂಡು, ವಿಮೆಯಿಲ್ಲದೆ ವಾಸಿಸುತ್ತಾರೆ. ಹೀಗೆ ಅತಿ ಹೆಚ್ಚು ಅಪಾಯದ ನೆಲದಲ್ಲಿ ನಷ್ಟ ತಾಳಿಕೊಳ್ಳಲು ಅತಿ ಕಡಿಮೆ ಶಕ್ತಿಯಿರುವವರೇ ಒಟ್ಟುಗೂಡುತ್ತಾರೆ. ಈ ವಿಷಯದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಇದು.

ಆ ನೆಲದ ಗುಣ ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. ಕಿಲಾವಿಯಾದ ಪೂರ್ವದ ಬಿರುಕುಪಟ್ಟಿಯ ಕೆಳಭಾಗದಲ್ಲಿ 1840ರಲ್ಲಿ ಲಾವಾ ಹರಿದಿತ್ತು. 1955ರಲ್ಲಿ ಮತ್ತೆ ಹರಿಯಿತು. 1960ರಲ್ಲಿ ಕಪೋಹೋ ಎಂಬ ಹಳ್ಳಿಯೇ ಅಳಿಸಿಹೋಯಿತು. ಅದೇ 1960ರ ದಶಕದಲ್ಲಿ ಆ ಬಿರುಕಿನ ಮೇಲೆಯೇ ಲೈಲಾನಿ ಎಸ್ಟೇಟ್ಸ್ ಎಂಬ ಬಡಾವಣೆಯ ನಿವೇಶನಗಳನ್ನು ಅಳೆದು ಮಾರಿದರು. 2018ರ ಮೇ 3ರಂದು ಆ ಬಡಾವಣೆಯ ರಸ್ತೆಯ ನಡುವೆ ನೆಲ ಬಿರಿಯಿತು. ಮುಂದಿನ ದಿನಗಳಲ್ಲಿ ಒಟ್ಟು 24 ಬಿರುಕುಗಳು ತೆರೆದುಕೊಂಡವು. ಮೂರು ತಿಂಗಳಲ್ಲಿ ಲಾವಾ ಸುಮಾರು 35 ಚದರ ಕಿಲೋಮೀಟರ್ ನೆಲವನ್ನು ಮುಚ್ಚಿತು, ಹಳೆಯ ಬಿಬಿಎಂಪಿ ವ್ಯಾಪ್ತಿಯಲ್ಲಿ ಇಪ್ಪತ್ತನೆಯ ಒಂದು ಪಾಲಿನಷ್ಟು. 700ಕ್ಕೂ ಹೆಚ್ಚು ಮನೆಗಳು ನಾಶವಾದವು. ಜನ ಈಜುತ್ತಿದ್ದ ಕಪೋಹೋ ಕೊಲ್ಲಿ ಕಲ್ಲು ತುಂಬಿ ಮಾಯವಾಯಿತು.

ಮನೆ ಸುಟ್ಟದ್ದು ಬೆಂಕಿಯಿಂದಲೋ, ಲಾವಾದಿಂದಲೋ?

ಲಾವಾ ಮನೆಯನ್ನು ನಾಶಮಾಡುವ ಬಗೆ ವಿಚಿತ್ರವಾಗಿದೆ. ಪ್ರವಾಹ ನುಗ್ಗುವಂತೆ ಅದು ನುಗ್ಗಿ ಬರುವುದು ಕಡಿಮೆ. ಎಷ್ಟೋ ಸಲ ನಡೆದು ಹೋಗಿ ತಪ್ಪಿಸಿಕೊಳ್ಳಬಹುದಾದಷ್ಟು ನಿಧಾನವಾಗಿ ಬರುತ್ತದೆ. ಗೋಡೆಯ ಹತ್ತಿರ ಬರುತ್ತಿದ್ದಂತೆ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಅದರ ಕಾವಿಗೆ ಮರದ ಮನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಲಾವಾ ಒಳಗೆ ಕಾಲಿಡುವ ಹೊತ್ತಿಗೆ ಮನೆ ಬೂದಿಯಾಗಿರುತ್ತದೆ. ಆಮೇಲೆ ಆ ಬೂದಿಯ ಮೇಲೆ ಹತ್ತಾರು ಅಡಿ ಕಲ್ಲು ಕೂರುತ್ತದೆ.

ವಿಮೆಯ ಕಣ್ಣಿಗೆ ಇಲ್ಲೊಂದು ದೊಡ್ಡ ಪ್ರಶ್ನೆ ಏಳುತ್ತದೆ. ಬೆಂಕಿಗೆ ಪರಿಹಾರ ಕೊಡದ ಮನೆ ವಿಮೆ ಬಹಳ ಅಪರೂಪ. ಹಾಗಾದರೆ ಲಾವಾದ ಕಾವಿಗೆ ಹೊತ್ತಿಕೊಂಡ ಮನೆಯದು ಬೆಂಕಿಯ ನಷ್ಟವಲ್ಲವೇ? ಪಾಲಿಸಿಯಲ್ಲಿ ಲಾವಾವನ್ನು ಬಾಯಿಬಿಟ್ಟು ಹೊರಗಿಡದಿದ್ದರೆ ಹೌದು. ಹವಾಯಿಯಲ್ಲಿ ಎಷ್ಟೋ ಮಂದಿಗೆ ಪರಿಹಾರ ಸಿಕ್ಕಿದ್ದು ಈ ದಾರಿಯಿಂದಲೇ. ಆದರೆ ಲಂಡನ್ನಿನ ಲಾಯ್ಡ್ಸ್ ಎಂಬ ವಿಮಾ ಮಾರುಕಟ್ಟೆಯ ಮೂಲಕ ಬಂದ ಕೆಲವು ಪಾಲಿಸಿಗಳಲ್ಲಿ ಲಾವಾದಿಂದಾದ ನಷ್ಟ, ಲಾವಾ ಹೊತ್ತಿಸಿದ ಬೆಂಕಿ ಎರಡನ್ನೂ ಹೊರಗಿಡುವ ಸಾಲು ಇತ್ತು. ವರ್ಷಗಟ್ಟಲೆ ಕಂತು ಕಟ್ಟಿದವರು 2018ರಲ್ಲಿ ಮನೆ ಕಳೆದುಕೊಂಡ ಮೇಲೆ ಆ ಸಾಲನ್ನು ಕಂಡರು. ನೆರೆಹೊರೆಯವರಿಗೆ ಸಿಕ್ಕ ರಕ್ಷಣೆಯನ್ನು ತಮಗೇಕೆ ಮಾರಲಿಲ್ಲ ಎಂದು ಕೇಳಿ ನ್ಯಾಯಾಲಯದ ಮೆಟ್ಟಿಲೇರಿದರು.

ಬೆಂಕಿಯಾಗದೆ ಹಾಳಾದ ಮನೆಗಳ ಗತಿ ಇನ್ನೂ ಕಷ್ಟ. ನೆಲ ಬಿರಿದು ತಳಪಾಯ ಸೀಳಿದರೆ ಅದು ‘ಭೂಚಲನೆ’ಯಾಗುತ್ತದೆ, ಅಮೆರಿಕದ ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಪರಿಹಾರವಿಲ್ಲ. ಸುತ್ತಲೂ ಲಾವಾ ಹರಿದು ನಡುವೆ ಮನೆ ದ್ವೀಪದಂತೆ ಉಳಿದರೆ ಮನೆಗೆ ಒಂದು ಗೀರೂ ಬಿದ್ದಿರುವುದಿಲ್ಲ. ಆದರೆ ಅಲ್ಲಿಗೆ ದಾರಿಯಿಲ್ಲ, ನೀರಿಲ್ಲ, ಕರೆಂಟಿಲ್ಲ, ಗಂಧಕದ ಹೊಗೆಗೆ ಉಸಿರಾಡುವಂತಿಲ್ಲ. ಅಂಥ ಮನೆಯ ನಷ್ಟವನ್ನು ಯಾವ ಅಂಕಣದಲ್ಲಿ ಬರೆಯುವುದು?

ಈ ಜಗಳ ಹಳೆಯದು. 1980ರ ಮೇ 18ರಂದು ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತ ಸಿಡಿದಾಗ ಕರಗಿದ ಹಿಮ, ಬೂದಿ, ಮಣ್ಣು ಸೇರಿ ಕೆಸರಿನ ಹೊಳೆಯಾಗಿ ಟೂಟಲ್ ನದಿಯಲ್ಲಿ ಇಳಿದು ಬಂದು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಕೆಸರಿನ ಹರಿವು ಭೂಚಲನೆಯಾದ್ದರಿಂದ ಪರಿಹಾರವಿಲ್ಲ ಎಂದು ವಿಮಾ ಕಂಪನಿ ಹೇಳಿತು. ಬೆಟ್ಟ ಸಿಡಿದದ್ದು ಸ್ಫೋಟ, ಸ್ಫೋಟಕ್ಕೆ ಪರಿಹಾರವಿದೆ, ಕೆಸರು ಅದರ ಫಲ ಎಂದು ಮನೆಯವರು ವಾದಿಸಿದರು. 1983ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹಳೆಯ ತೀರ್ಪುಗಳನ್ನು ಬದಿಗಿರಿಸಿ, ಘಟನೆಗಳ ಸರಪಳಿಯನ್ನು ಎಳೆದ ಮೂಲ ಕಾರಣ ಯಾವುದು ಎಂಬುದನ್ನು ನೋಡಬೇಕು, ಅದನ್ನು ತೀರ್ಮಾನಿಸುವುದು ಜ್ಯೂರಿಯ ಕೆಲಸ ಎಂದಿತು.

ದೂರದ ದೇಶದ ವಕೀಲಿ ವಾದ ಎಂದು ಇದನ್ನು ಓದಿ ಮುಂದೆ ಹೋಗುತ್ತಿದ್ದೆನೇನೋ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಅಕ್ಕನ ಮನೆಗೆ ನೀರು ನುಗ್ಗಿತ್ತು. ಬೆಳ್ಳಂದೂರು, ವರ್ತೂರು ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತಂದ ವಾರ ಅದು. ನೀರು ಇಳಿದು ಹತ್ತು ದಿನಗಳಾದ ಮೇಲೆ ವಿಮಾ ಕಂಪನಿಯ ಸರ್ವೇಯರ್ ಬಂದರು. ಮುಂಬಾಗಿಲಿನ ತೇಗದ ಹಲಗೆಯ ಮೇಲೆ ಕೆಸರಿನ ಗೆರೆ ಒಣಗಿ ಬಿರುಕು ಬಿಟ್ಟಿತ್ತು. ಅವರು ಟೇಪು ಹಿಡಿದು ನೆಲದಿಂದ ಆ ಗೆರೆಯವರೆಗೆ ಅಳೆದರು, ಎರಡು ಅಡಿ ಹತ್ತು ಇಂಚು. ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದರು:

“ಮೇಡಂ, ನೀರು ಬಾಗಿಲಿನಿಂದ ಒಳಗೆ ಬಂತೇ, ಇಲ್ಲ ನೆಲದಡಿಯಿಂದ ಜಿನುಗಿ ಮೇಲೆ ಬಂತೇ?”

ಅಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಎರಡೂ ಕಡೆಯಿಂದ ಬಂತು ಸರ್. ಮೊದಲು ಸಂಪಿನ ಮುಚ್ಚಳ ಎದ್ದಿತು, ಆಮೇಲೆ ರಸ್ತೆಯ ನೀರು ಗೇಟು ದಾಟಿತು,” ಎಂದಳು.

ಭಾವ ತಟ್ಟನೆ ಮೊಬೈಲಿನಲ್ಲಿದ್ದ ವಿಡಿಯೊ ತೋರಿಸಿದರು. ಅದರಲ್ಲಿ ರಸ್ತೆಯ ನೀರು ಗೇಟಿನ ಸರಳುಗಳ ನಡುವೆ ಒಳನುಗ್ಗುವುದು ಸ್ಪಷ್ಟವಾಗಿತ್ತು. ಸರ್ವೇಯರ್ ಅದನ್ನು ತಮ್ಮ ಮೊಬೈಲಿಗೆ ಕಳಿಸಿಕೊಂಡು ‘ಪ್ರವಾಹ’ ಎಂದು ಬರೆದುಕೊಂಡರು. ಮನೆ ಹಳೆಯದಾಗಿ ಬಹುದಿನಗಳಿಂದ ಜಿನುಗಿದ ನೀರಿನ ಹಾನಿಯಾಗಿದ್ದರೆ ಅದು ಸವಕಳಿಯ ಲೆಕ್ಕಕ್ಕೆ ಹೋಗಿ ಪರಿಹಾರ ಸಿಗುತ್ತಿರಲಿಲ್ಲ. ಎರಡು ನಿಮಿಷದ ಆ ವಿಡಿಯೊ ಇಲ್ಲದಿದ್ದರೆ ಅಕ್ಕನ ಕ್ಲೇಮು ಎಲ್ಲಿ ಸಿಕ್ಕಿಕೊಳ್ಳುತ್ತಿತ್ತೋ ಎಂದು ನೆನೆದರೆ ಈಗಲೂ ಕಳವಳವಾಗುತ್ತದೆ. ಲಾವಾ ಇರಲಿ, ರಾಜಕಾಲುವೆಯ ನೀರಿರಲಿ, ಮನೆಯವರಿಗೆ ಆಗುವ ನಷ್ಟ ಒಂದೇ. ಪಾಲಿಸಿ ಮಾತ್ರ ಅದು ಬಂದ ದಾರಿಯನ್ನು ಕೇಳುತ್ತದೆ.

ಲೆಕ್ಕ ಹಾಕಿ ನೋಡಿದರೆ

ಹವಾಯಿಯ ಒಂದನೆಯ ವಲಯದಲ್ಲಿ 1800ರಿಂದ ಈಚೆಗೆ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ನೆಲವನ್ನು ಲಾವಾ ಮುಚ್ಚಿದೆ. ಸುಮಾರು ಇನ್ನೂರು ವರ್ಷಕ್ಕೆ ಶೇಕಡಾ 25 ಎಂದು ಇಟ್ಟುಕೊಂಡರೆ, ಅಲ್ಲಿನ ಒಂದು ಮನೆ ಒಂದು ವರ್ಷದಲ್ಲಿ ಲಾವಾಕ್ಕೆ ಸಿಗುವ ಸಾಧ್ಯತೆ ಸರಾಸರಿ ಎಂಟುನೂರರಲ್ಲಿ ಒಂದು. ಒಂದು ಕೋಟಿ ರೂಪಾಯಿಯ ಮನೆಗೆ ಬರಿಯ ಅಪಾಯದ ಬೆಲೆ ವರ್ಷಕ್ಕೆ 12,500 ರೂಪಾಯಿ. ಇದು ನನ್ನದೇ ಒರಟು ಲೆಕ್ಕ. ಬಿರುಕಿನ ನೆತ್ತಿಯ ಮೇಲಿರುವ ಮನೆಗೆ ಇದು ಹೆಚ್ಚಾಗುತ್ತದೆ. ಹೇಗಿದ್ದರೂ ಮೊತ್ತ ಕೈಗೆಟುಕದಷ್ಟು ದೊಡ್ಡದಲ್ಲ. ಹಾಗಿದ್ದರೆ ಕಂಪನಿಗಳು ಏಕೆ ಓಡಿಹೋಗುತ್ತವೆ?

ಉತ್ತರ ಸರಾಸರಿಯಲ್ಲಿಲ್ಲ. ವಿಮೆ ನಡೆಯುವುದು ಸಾವಿರ ಜನರ ಕಂತು ಒಟ್ಟುಮಾಡಿ ಒಬ್ಬಿಬ್ಬರ ನಷ್ಟ ತುಂಬುವುದರ ಮೇಲೆ. ಮಲ್ಲೇಶ್ವರದ ಒಂದು ಅಡುಗೆಮನೆಯಲ್ಲಿ ಬೆಂಕಿ ಬಿದ್ದರೆ ಬನಶಂಕರಿಯ ಅಡುಗೆಮನೆಗೂ ಅದಕ್ಕೂ ಸಂಬಂಧವಿರುವುದಿಲ್ಲ. ಲಾವಾ ಹಾಗಲ್ಲ. ದಶಕಗಟ್ಟಲೆ ಸುಮ್ಮನಿದ್ದು ಒಂದು ಬೇಸಿಗೆಯಲ್ಲಿ ಏಳುನೂರು ಮನೆಗಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತದೆ. ಪುನಾದಂಥ ಒಂದು ಜಿಲ್ಲೆಯಲ್ಲಷ್ಟೇ ಕಂತು ಎತ್ತಿದ ಕಂಪನಿ ಆ ಬೇಸಿಗೆಯಲ್ಲಿ ಮುಳುಗಿಹೋಗುತ್ತದೆ. ಅದನ್ನು ತಾಳಿಕೊಳ್ಳಲು ಭಾರಿ ಮೀಸಲು ನಿಧಿ ಬೇಕು, ಇಲ್ಲವೇ ಮರುವಿಮೆ, ಅಂದರೆ ವಿಮಾ ಕಂಪನಿಯೇ ಇನ್ನೊಂದು ಕಂಪನಿಯಲ್ಲಿ ಮಾಡಿಸುವ ವಿಮೆ, ಬೇಕು. ಎರಡಕ್ಕೂ ದುಡ್ಡು ತೆರಬೇಕು. ಆ ದುಡ್ಡು ಕಂತಿನ ಮೇಲೆ ಬಂದು ಕೂರುತ್ತದೆ.

ಇನ್ನೊಂದು ತೊಡಕು ಲಾವಾದ ನಿಧಾನಗತಿಯದು. ಪ್ರಾಣ ಉಳಿಸುವ ಆ ನಿಧಾನವೇ ವಿಮೆಗೆ ಮುಳುವಾಗುತ್ತದೆ. 2014ರ ಜೂನ್ 27ರಂದು ಹೊರಟ ಒಂದು ಲಾವಾ ಧಾರೆ ತಿಂಗಳುಗಟ್ಟಲೆ ಪಹೋವಾ ಪಟ್ಟಣದ ಕಡೆ ತೆವಳಿತು. ಊರ ಅಂಚಿನಲ್ಲಿ ಒಂದು ಮನೆಯನ್ನು ಸುಟ್ಟು ಅಲ್ಲಿಯೇ ನಿಂತಿತು. ಆ ತಿಂಗಳುಗಳಲ್ಲಿ ಕಂಪನಿಗಳು ಆ ಪ್ರದೇಶಕ್ಕೆ ಹೊಸ ಪಾಲಿಸಿ ಕೊಡುವುದನ್ನು ನಿಲ್ಲಿಸಿದವು. ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆಲ್ಲ ನೀರು ಕೊಡುತ್ತಾ ಹೋದರೆ ಮುಂಚೆಯೇ ಬಾವಿ ತೋಡಿಟ್ಟವರ ಪಾಲೂ ಬತ್ತುತ್ತದೆ ಎಂಬ ಕಂಪನಿಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ತಿಂಗಳಲ್ಲಿ ಊರು ಬಿಡಬೇಕಾಗಿ ಬಂದು ಮನೆ ಮಾರಲು ಹೊರಟವರಿಗೆ ಕೊಳ್ಳುವವರೇ ಸಿಗಲಿಲ್ಲ, ಏಕೆಂದರೆ ಕೊಳ್ಳುವವರಿಗೆ ವಿಮೆಯಿಲ್ಲ, ಆದ್ದರಿಂದ ಸಾಲವಿಲ್ಲ.

ಮತ್ತೊಂದು ಸಂಗತಿಯನ್ನು ನಮ್ಮವರು ಗಮನಿಸುವುದೇ ಇಲ್ಲ. ಮನೆ ವಿಮೆ ಕಟ್ಟಡಕ್ಕೆ ಸಿಗುತ್ತದೆಯೇ ಹೊರತು ನೆಲಕ್ಕಲ್ಲ. ಸುಟ್ಟ ಮನೆಯನ್ನು ಅದೇ ನಿವೇಶನದಲ್ಲಿ ಮತ್ತೆ ಕಟ್ಟಬಹುದು ಎಂಬ ಎಣಿಕೆಯ ಮೇಲೆಯೇ ಪಾಲಿಸಿ ನಿಂತಿದೆ. ಲಾವಾ ಆ ಎಣಿಕೆಯನ್ನೇ ಕೆಡಿಸುತ್ತದೆ. ಕಾಗದದ ಮೇಲೆ ನಿವೇಶನ ಮಾಲೀಕರದ್ದೇ, ಆದರೆ ಅದರ ಗಡಿಕಲ್ಲುಗಳು ಹತ್ತಾರು ಅಡಿ ಕೆಳಗಿವೆ. ಲಾವಾ ಸಮುದ್ರಕ್ಕೆ ಇಳಿದು ದಡವನ್ನು ಬೆಳೆಸಿದರೆ ಆ ಹೊಸ ನೆಲವಾದರೂ ಪಕ್ಕದ ಮಾಲೀಕರಿಗೆ ಸಿಗುತ್ತದೆಯೇ? ಇಲ್ಲ. 1955ರ ಲಾವಾದಿಂದ ಪುನಾದಲ್ಲಿ ಬೆಳೆದ ನೆಲದ ಬಗ್ಗೆ ಹವಾಯಿಯ ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪು ಕೊಟ್ಟು, ಅದು ರಾಜ್ಯದ ಸ್ವತ್ತು ಎಂದಿತು. ಕಳೆದುಕೊಂಡ ನೆಲದ ನಷ್ಟ ಮನೆಯವರದು, ಹುಟ್ಟಿದ ನೆಲ ಎಲ್ಲರದು.

ಮೂರು ನಾಡು, ಮೂರು ಉತ್ತರ

ಕಿಲಾವಿಯಾದ ಇನ್ನೊಂದು ಬಾಯಿ 1983ರ ಜನವರಿ 3ರಂದು ತೆರೆದು 2018ರವರೆಗೆ ಹೆಚ್ಚುಕಡಿಮೆ ಎಡೆಬಿಡದೆ ಹರಿಯಿತು. 1990ರಲ್ಲಿ ಅದು ಕಲಾಪಾನಾ ಎಂಬ ಕಡಲದಡದ ಊರನ್ನು ಹೂತುಹಾಕಿದಾಗ ವಿಮಾ ಕಂಪನಿಗಳು ಗಂಟುಮೂಟೆ ಕಟ್ಟಿದವು. ಮರುವರ್ಷ, 1991ರಲ್ಲಿ, ಹವಾಯಿಯ ಶಾಸನಸಭೆ ಕಾನೂನು ಮಾಡಿ ಒಂದು ಆಸ್ತಿವಿಮಾ ಸಂಘವನ್ನು ಸ್ಥಾಪಿಸಿತು. ರಾಜ್ಯದಲ್ಲಿ ಆಸ್ತಿ ವಿಮೆ ಮಾರುವ ಎಲ್ಲ ಕಂಪನಿಗಳೂ ಅದರ ಸದಸ್ಯರಾಗಲೇಬೇಕು, ನಷ್ಟವನ್ನು ಹಂಚಿಕೊಳ್ಳಲೇಬೇಕು. ಬೇರೆಲ್ಲೂ ವಿಮೆ ಸಿಗದ ಒಂದು, ಎರಡನೆಯ ವಲಯದವರು ಅಲ್ಲಿಗೆ ಹೋಗಬಹುದು. ಬೇರೆ ದ್ವೀಪದಲ್ಲಿರುವ ರಾಜಧಾನಿ ಹೊನೊಲುಲುವಿನ ಸುರಕ್ಷಿತ ಮನೆಯ ವಿಮೆ ಮಾರುವ ಕಂಪನಿಯೂ ಪುನಾದ ಅಪಾಯದಲ್ಲಿ ಪಾಲು ಹೊರುವಂತಾಯಿತು. 2018ರಲ್ಲಿ ಎಷ್ಟೋ ಕುಟುಂಬಗಳಿಗೆ ಮತ್ತೆ ಎದ್ದು ನಿಲ್ಲಲು ಆಧಾರವಾದದ್ದು ಇದೇ ಏರ್ಪಾಡು.

ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ವಿಮೆ ಸಿಗುತ್ತದೆ ಎಂದಾದ ಮೇಲೆ ಸಾಲ ಸಿಕ್ಕಿತು, ಸಾಲ ಸಿಕ್ಕ ಮೇಲೆ ಮನೆಗಳು ಎದ್ದವು. ಜನರನ್ನು ಕೈಬಿಡಬಾರದೆಂದು ಮಾಡಿದ ಕಾನೂನು ಬಿರುಕಿನ ಮೇಲೆ ಇನ್ನಷ್ಟು ಜನ ನೆಲೆಸಲು ದಾರಿ ಮಾಡಿತು. 2018ರ ನಂತರ ಅಲ್ಲಿನ ಆಡಳಿತ ಕೇಂದ್ರ ಸರ್ಕಾರದ ಹಣದಿಂದ, ಬಯಸಿದವರ ಮನೆ-ನಿವೇಶನಗಳನ್ನು ಕೊಂಡು ಖಾಲಿ ಬಿಡುವ ಯೋಜನೆ ತಂದಿತು. ಅಂದರೆ ಕೊನೆಗೆ ಹಣ ಎರಡು ಬಾರಿ ಖರ್ಚಾಯಿತು, ಜನ ಅಲ್ಲಿ ಇರಲೆಂದು ಒಮ್ಮೆ ವಿಮಾ ಕಂಪನಿಗಳದು, ಅಲ್ಲಿಂದ ಹೋಗಲೆಂದು ಮತ್ತೊಮ್ಮೆ ಸಾರ್ವಜನಿಕರದು. ಕಲಾಪಾನಾದ ಕಪ್ಪು ಕಲ್ಲಿನ ಮೇಲಂತೂ ಈಗ ಮತ್ತೆ ಹತ್ತಾರು ಮನೆಗಳು ಎದ್ದಿವೆ. ಅಲ್ಲಿನವರಿಗೆ ಅದು ಜ್ವಾಲಾಮುಖಿಯ ದೇವತೆಯಾದ ಪೆಲೆ ದೇವಿಯ ನೆಲ, ತಲೆಮಾರುಗಳ ನಂಟಿನ ನೆಲ. ಅವರು ತಮ್ಮೂರನ್ನು ಬಿಡಲಾಗದೆ ಮರಳಿ ಬಂದದ್ದನ್ನು ಮೂರ್ಖತನ ಎಂದು ದೂರದಲ್ಲಿ ಕುಳಿತು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಐಸ್‌ಲ್ಯಾಂಡಿನ ದಾರಿ ಬೇರೆ. 1973ರ ಜನವರಿ 23ರ ನಡುರಾತ್ರಿ ಹೇಮಾಯ್ ದ್ವೀಪದಲ್ಲಿ ಊರ ಅಂಚಿನ ನೆಲವೇ ಸೀಳಿತು. ಐದು ಸಾವಿರಕ್ಕೂ ಹೆಚ್ಚು ಜನ ಮೀನುಗಾರಿಕೆಯ ದೋಣಿಗಳಲ್ಲಿ ಪಾರಾದರು. ಸುಮಾರು 400 ಮನೆಗಳು ಹೋದವು. ಮುಂದುವರಿಯುತ್ತಿದ್ದ ಲಾವಾದ ಮೇಲೆ ತಿಂಗಳುಗಟ್ಟಲೆ ಸಮುದ್ರದ ನೀರು ಸುರಿದು ಬಂದರನ್ನು ಉಳಿಸಿಕೊಂಡರು. ಆ ಪೆಟ್ಟಿನ ನಂತರ 1975ರಲ್ಲಿ ದೇಶ ಒಂದು ಪ್ರಕೃತಿ ವಿಕೋಪ ವಿಮಾ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ ಪ್ರತಿಯೊಂದು ಕಟ್ಟಡಕ್ಕೂ ಬೆಂಕಿ ವಿಮೆ ಕಡ್ಡಾಯ, ಅದರ ಜೊತೆಯಲ್ಲೇ ಜ್ವಾಲಾಮುಖಿ, ಭೂಕಂಪ, ಹಿಮಕುಸಿತ, ಪ್ರವಾಹಗಳ ವಿಮೆಯೂ ಕಡ್ಡಾಯ. ಜ್ವಾಲಾಮುಖಿಯ ಬುಡದಲ್ಲಿದ್ದರೂ ದೂರದಲ್ಲಿದ್ದರೂ ಕಂತಿನ ದರ ಒಂದೇ. ಹನಿ ಹನಿ ಕೂಡಿ ಹಳ್ಳವಾಗುವ ಈ ಲೆಕ್ಕದಲ್ಲಿ ಯಾರೂ ಹೊರಗುಳಿಯುವಂತಿಲ್ಲ, ಯಾರನ್ನೂ ಹೊರಗಿಡುವಂತಿಲ್ಲ.

ಅಷ್ಟಾದರೂ ಆ ಏರ್ಪಾಡಿಗೆ ಒಂದು ಗಂಟು ಬಿಡಿಸಲಾಗಲಿಲ್ಲ. 2023ರ ನವೆಂಬರ್ 10ರಂದು ಗ್ರಿಂದಾವಿಕ್ ಪಟ್ಟಣದ ಅಡಿಯಲ್ಲಿ ಶಿಲಾರಸ ನುಗ್ಗಿ, ಸುಮಾರು 3,800 ಜನ ಒಂದೇ ರಾತ್ರಿಯಲ್ಲಿ ಊರು ಬಿಟ್ಟರು. 2024ರ ಜನವರಿ 14ರಂದು ಲಾವಾ ಊರಿನ ಅಂಚಿಗೆ ಬಂದು ಮೂರು ಮನೆಗಳನ್ನು ಸುಟ್ಟಿತು. ಉಳಿದ ಹೆಚ್ಚಿನ ಮನೆಗಳು ನಿಂತೇ ಇದ್ದವು. ಆದರೆ ಬಿರುಕು ಬಿಟ್ಟ ಆ ನೆಲದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಯಾರು ಬದುಕಿಯಾರು? ಮನೆ ನಿಂತಿದೆ, ಆದ್ದರಿಂದ ಹಾನಿಯಿಲ್ಲ, ಆದ್ದರಿಂದ ಪರಿಹಾರವಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಕೊನೆಗೆ 2024ರ ಫೆಬ್ರುವರಿಯಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, ಸರ್ಕಾರಿ ಕಂಪನಿಯೊಂದರ ಮೂಲಕ ಬೆಂಕಿ ವಿಮೆಯ ಮೌಲ್ಯದ ಶೇಕಡಾ 95ರಷ್ಟು ಬೆಲೆಗೆ, ಸಾಲವನ್ನು ಕಳೆದು, ಜನರ ಮನೆಗಳನ್ನು ಕೊಂಡುಕೊಂಡಿತು.

ಸ್ಪೇನಿನ ಮಾದರಿಯನ್ನು ಚುಟುಕಾಗಿ ಹೇಳುತ್ತೇನೆ. ಅಲ್ಲಿ ಪ್ರತಿ ಖಾಸಗಿ ಆಸ್ತಿ ಪಾಲಿಸಿಯ ಮೇಲೆ ಒಂದು ಸಣ್ಣ ಹೆಚ್ಚುವರಿ ಸೇರಿಸಿ, ಅದನ್ನು ‘ಕನ್ಸಾರ್ಸಿಯೊ’ ಎಂಬ ಸರ್ಕಾರಿ ನಿಧಿಗೆ ಕಳಿಸುತ್ತಾರೆ. ಜ್ವಾಲಾಮುಖಿಯಂಥ ಅಸಾಧಾರಣ ವಿಕೋಪಗಳ ಪರಿಹಾರವನ್ನು ಆ ನಿಧಿಯೇ ಕೊಡುತ್ತದೆ. 2021ರ ಸೆಪ್ಟೆಂಬರ್ 19ರಿಂದ ಡಿಸೆಂಬರ್ 13ರವರೆಗೆ ಲಾ ಪಾಲ್ಮಾ ದ್ವೀಪದಲ್ಲಿ ಲಾವಾ ಹರಿದು ಸಾವಿರಕ್ಕೂ ಹೆಚ್ಚು ಮನೆಗಳು ಹೋದಾಗ ಆ ನಿಧಿ ಕೈಹಿಡಿಯಿತು. ಆದರೆ ಪಾಲಿಸಿಯೇ ಇಲ್ಲದೆ ಪಿತ್ರಾರ್ಜಿತ ಮನೆಯಲ್ಲಿದ್ದವರಿಗೆ ಆ ಬಾಗಿಲು ತೆರೆಯಲಿಲ್ಲ.

ನಮ್ಮ ಊರಿನ ವಲಯ ಯಾವುದು?

ಪುನಾದವರು ಜ್ವಾಲಾಮುಖಿಯನ್ನು ತಂದಿಟ್ಟುಕೊಂಡವರಲ್ಲ. ಅದನ್ನು ಸರಿಸಲೂ ಯಾರಿಂದಲೂ ಆಗದು. ಬೆಂಗಳೂರಿನ ಪ್ರವಾಹದ ಅಪಾಯ ನಾವೇ ಕೈಯಾರೆ ಮಾಡಿದ್ದು. ಕೆರೆಯಿಂದ ಕೆರೆಗೆ ನೀರು ಇಳಿದುಹೋಗುವಂತೆ ಹಿರಿಯರು ತೆಗೆದ ಕಾಲುವೆಗಳ ಮೇಲೆ ನಾವು ನಿವೇಶನ ಹಂಚಿದೆವು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಿಂದ ಜನರನ್ನು ದೋಣಿಯಲ್ಲಿ ಕರೆತಂದರು. 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೆ ಮುಳುಗಿತು. ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು.

ಮಾಹಿತಿ ಇಲ್ಲವೆಂದು ಹೇಳುವಂತಿಲ್ಲ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ‘ಮೇಘಸಂದೇಶ’ ಆ್ಯಪ್ ಎಲ್ಲಿ ಮಳೆ ಬೀಳುತ್ತಿದೆ, ಎಲ್ಲಿ ನೀರು ನಿಲ್ಲಬಹುದು ಎಂದು ತಿಳಿಸುತ್ತದೆ. ಆದರೆ ಆ ತಿಳಿವಳಿಕೆ ಕ್ರಯಪತ್ರದವರೆಗೆ ಬಂದಿಲ್ಲ. ಪುನಾದಲ್ಲಿ ಮನೆ ಕೊಳ್ಳುವ ಬಡವರಿಗೂ ತಾವು ನಿಂತ ವಲಯದ ಸಂಖ್ಯೆ ಗೊತ್ತು. ಸರ್ಜಾಪುರ ರಸ್ತೆಯಲ್ಲಿ ಕೋಟಿ ಸುರಿದು ಕೊಳ್ಳುವವರಿಗೆ ಹಳೆಯ ಗ್ರಾಮ ನಕ್ಷೆಯಲ್ಲಿ ಆ ಸರ್ವೆ ನಂಬರು ಕೆರೆಯ ತೂಬಿನ ಕೆಳಗಿತ್ತೇ ಎಂಬುದು ಗೊತ್ತಿರುವುದಿಲ್ಲ. ಖಾತಾ ಎ ಆಗಿದೆಯೇ ಬಿ ಆಗಿದೆಯೇ ಎಂದು ಹತ್ತು ಸಲ ವಿಚಾರಿಸುವ ನಾವು, ಮಳೆ ಬಂದಾಗ ನೀರು ಯಾವ ಕಡೆ ಹರಿಯುತ್ತದೆ ಎಂದು ಒಮ್ಮೆಯೂ ಕೇಳುವುದಿಲ್ಲ. ಸರ್ವೆ ನಂಬರಿಗೊಂದು ಪ್ರವಾಹ ವಲಯ ಗೊತ್ತುಮಾಡಿ ಅದನ್ನು ಕ್ರಯಪತ್ರದಲ್ಲಿ ನಮೂದಿಸುವುದು ಕಡ್ಡಾಯವಾಗಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಾಗೆ ಮಾಡಿದರೆ ತಗ್ಗಿನ ಮನೆಗಳ ವಿಮೆ ದುಬಾರಿಯಾಗುತ್ತದೆ, ಮಾರುಕಟ್ಟೆ ಬೆಲೆ ಬೀಳುತ್ತದೆ, ಮೋಸಹೋಗಿ ಕೊಂಡವರೇ ಮತ್ತೆ ಪೆಟ್ಟು ತಿನ್ನುತ್ತಾರೆ ಎಂಬ ಆಕ್ಷೇಪ ನಿಜವಾದದ್ದು. ಅದಕ್ಕಾಗಿಯೇ ಐಸ್‌ಲ್ಯಾಂಡಿನ ಪಾಠ ಬೇಕು. ಈಗಾಗಲೇ ಕಟ್ಟಿದ ಮನೆಗಳ ಹೊರೆಯನ್ನು ಇಡೀ ಊರು ಸಮವಾಗಿ ಹಂಚಿಕೊಳ್ಳಲಿ. ಇನ್ನು ಮುಂದೆ ತೂಬಿನ ಕೆಳಗೆ ಕಟ್ಟುವವರು, ಕಟ್ಟಲು ಅನುಮತಿ ಕೊಡುವವರು ಪೂರ್ತಿ ಬೆಲೆ ತೆರಲಿ. ಬಾಡಿಗೆಯವರನ್ನೂ ಮರೆಯಬಾರದು. ಮನೆ ತಮ್ಮದಲ್ಲದಿದ್ದರೂ ಒಳಗಿನ ಸಾಮಾನಿಗೆ ಅವರು ಇದೇ ಗೃಹ ರಕ್ಷಾ ಪಾಲಿಸಿ ಪಡೆಯಬಹುದು ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಇನ್ನೊಂದು ಗೊಂದಲವನ್ನು ಬಿಡಿಸಿಯೇ ಮುಂದೆ ಹೋಗಬೇಕು. “ನಮ್ಮ ಲೋನಿಗೆ ಇನ್ಶೂರೆನ್ಸ್ ಇದೆ” ಎಂದು ನಿಶ್ಚಿಂತೆಯಿಂದ ಇರುವವರು ಅದು ಯಾವ ವಿಮೆ ಎಂದು ನೋಡಿಕೊಳ್ಳಲಿ. ಸಾಲದ ಜೊತೆಗೆ ಬ್ಯಾಂಕಿನಲ್ಲಿ ಮಾರುವುದು ಹಲವು ಬಾರಿ ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ. ಮನೆ ಮುಳುಗಿದರೆ ಅದರಿಂದ ಒಂದು ಪೈಸೆಯೂ ಬಾರದು. ಮನೆಯ ಪಾಲಿಸಿಯೇ ಇದ್ದರೂ, ವಿಮಾ ಮೊತ್ತವೆಂದರೆ ಮತ್ತೆ ಕಟ್ಟಲು ತಗಲುವ ವೆಚ್ಚವೇ ಹೊರತು ನೆಲದ ಮಾರುಕಟ್ಟೆ ಬೆಲೆಯಲ್ಲ ಎಂಬುದು ನೆನಪಿರಲಿ. ಪೀಠೋಪಕರಣಗಳ ಚಿತ್ರ, ದೊಡ್ಡ ಖರೀದಿಗಳ ರಸೀದಿಗಳನ್ನು ಮನೆಯ ಹೊರಗೆ, ಮೊಬೈಲಿನಲ್ಲೋ ನಂಟರ ಬಳಿಯೋ ಇಟ್ಟಿರಬೇಕು. ಅಕ್ಕನ ಫ್ರಿಜ್ಜಿನ ರಸೀದಿ ಫ್ರಿಜ್ಜಿನ ಜೊತೆಗೇ ನೆನೆದು ಮುದ್ದೆಯಾಗಿತ್ತು.

ಈ ವರ್ಷ ಅಕ್ಕ ಪಾಲಿಸಿಯನ್ನು ನವೀಕರಿಸುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಅರ್ಜಿಯಲ್ಲಿ ಮನೆಯ ವಿಸ್ತೀರ್ಣ ಕೇಳಿದ್ದರು, ಕಟ್ಟಿದ ವರ್ಷ ಕೇಳಿದ್ದರು, ಪಿನ್ ಕೋಡ್ ಕೇಳಿದ್ದರು. ರಾಜಕಾಲುವೆ ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆ ಎಲ್ಲಿಯೂ ಇರಲಿಲ್ಲ. ಬಸವನಗುಡಿಯ ದಿಣ್ಣೆಯ ಮೇಲಿರುವ ನಮ್ಮ ಮನೆಗೂ ಅವಳ ಮನೆಗೂ ದರ ಒಂದೇ ಬಂತು. ಅಕ್ಕ ಹಣ ಕಟ್ಟಿ, ಪಾಲಿಸಿಯ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಈ ಸಲ ಬೀರುವಿನಲ್ಲಿ ಇಡದೆ ಅಟ್ಟದ ಮೇಲೆ ಇಟ್ಟಳು.